ಸಾಕೆಂದವನ ತಾಟು

"ಪ್ರೀತಿಲೆ ನೀಡಿದ್ದೂ ಪಾಪ ಆಗತೈತೇನು?"

ಸಾಲೋಟಗಿಯ ಶೇವಂತೆವ್ವ ಒಲೆಯ ಮುಂದೆ ಕೂತು ಕೇಳಿದಳು. ಅಡಿಗೆಮನೆಯಲ್ಲಿ ಯಾರೂ ಇರಲಿಲ್ಲ. ಪಡಸಾಲೆಯಲ್ಲಿ ತಮ್ಮ ಸಿದ್ದರಾಯ ಮಲಗಿದ್ದ. ತಾಯಿ ತೀರಿದ ಮೇಲೆ ಅವಳೇ ಬೆಳೆಸಿದ ತಮ್ಮ. ಎತ್ತಿನ ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದವನು ನಿನ್ನೆ ಬಿಜಾಪುರದ ದವಾಖಾನೆಯಿಂದ ಬಂದಾಗ, ಎಡಗಾಲು ಮೊಣಕಾಲಿಗೇ ಮುಗಿದಿತ್ತು.

ಶೇವಂತೆವ್ವನದು ನೀಡುವ ಕೈ. ಅವಳ ಮನೆಯಲ್ಲಿ ಒಂದೇ ಸಲಕ್ಕೆ "ಸಾಕು" ಅಂದು ಎದ್ದವರಿಲ್ಲ. ಸಿದ್ದರಾಯನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಡಾಕ್ಟರು ಹಿಂದೆಯೇ ಹೇಳಿದ್ದರು. ಆದರೂ ಪಂಚಮಿಗೆ ಉಂಡಿ, ದೀಪಾವಳಿಗೆ ಹೋಳಿಗೆ. ೧೯೭೬ರ ಎಳ್ಳಮಾಸಿಗೆ, ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆ, ಹೊಲದ ಪೈರಿಗೆ ಚರಗದ ಅಡಿಗೆ ಚೆಲ್ಲಿ, ಭೂತಾಯಿಗೆ ಎಡೆ ಕೊಟ್ಟು, ಬನ್ನಿಗಿಡದ ಕೆಳಗೆ ಉಣ್ಣಲು ಕೂತಾಗ ಅವನು ತಾಟಿಗೆ ಕೈ ಅಡ್ಡ ಹಿಡಿದಿದ್ದ.

"ಬ್ಯಾಡಬೇ ಅಕ್ಕಾ. ಸಾಕು."

"ನನ್ನ ಆಣಿ ಐತಿ. ಇದೊಂದ ಕಡಬು."

ಅವಳ ಗಂಡ ರೇವಣಪ್ಪ ನಕ್ಕ. "ಏ ಮಾರಾಯಾ, ಹಾಯೂ ಎತ್ತಿಗೆ ಅಂಜದಾವ ಕಡಬಿಗೆ ಅಂಜತೀಯಾ? ಹಬ್ಬದ ದಿನ ಯಾವ ಬ್ಯಾನಿನೂ ಬರಂಗಿಲ್ಲ, ತಿನ್ನು!"

ಅಕ್ಕನ ಆಣೆ ಮೀರುವುದು ಹೇಗೆ? ಕೈ ತೆಗೆದ. ಆಚೆ ಹೊಲದವರೂ ಕರೆದರು, ಅಲ್ಲಿಯೂ ಆಣೆ. ಬರಿಗಾಲಲ್ಲಿ ಬದುವಿನ ಮೇಲೆ ನಡೆವಾಗ ಜಾಲಿಮುಳ್ಳು ನೆಟ್ಟದ್ದು ಅವನಿಗೆ ತಿಳಿಯಲೇ ಇಲ್ಲ. ಗಾಯ ಮಾಯಲೂ ಇಲ್ಲ.

ಇವತ್ತು ಗಾಯದ ಪಟ್ಟಿ ಬದಲಿಸಲು ನರ್ಸ್ ಶಮ್ಶುನ್ನೀಸಾ ಬಂದಳು. ಕಾಲು ಹೋದದ್ದು ಸಿಹಿ ತಿಂದದ್ದಕ್ಕೆ ಎಂದರೆ ರೇವಣಪ್ಪ ಇನ್ನೂ ಒಪ್ಪಿರಲಿಲ್ಲ. "ಮುಳ್ಳ ನಟ್ಟರ ಪಾಪ ಕಡಬು ಏನ ಮಾಡೀತ್ರಿ, ಬಾಯಾರ?"

"ಮುಳ್ಳ ಎಲ್ಲಾರಿಗೂ ಚುಚ್ಚತೈತ್ರಿ. ಆದ್ರ ರಕ್ತದಾಗ ಸಕ್ರಿ ಏರಿದಾವಗ ಪಾದದ ನೋವು ತಿಳಿಯಂಗಿಲ್ಲ. ಗಾಯ ಮಾಯಂಗಿಲ್ಲ, ಕೊಳಿತೈತಿ. ಒಂದ ದಿನದ ಕಡಬಿನ ಮಾತಲ್ರಿ ಇದು. ಇದೊಂದ, ಇದೊಂದ ಅಂತ ವರ್ಷಾನಗಟ್ಟಲೆ ಹಾಕೀರಿ."

ಅವಳು ಹೊಸ ಪಟ್ಟಿ ಸುತ್ತಿ ಗಂಟು ಹಾಕಿದಳು.

"ಇನ್ನೊಂದ ಕಾಲರ ಉಳಸ್ಕೋರಿ. ಬೆಲ್ಲ, ಸಕ್ರಿ ಬ್ಯಾಡ. ರೊಟ್ಟಿನೂ ಅಳತಿಲೆ, ಕಾಯಿಪಲ್ಯ ಹೆಚ್ಚು. ಔಷಧ ತಪ್ಪಸಬ್ಯಾಡ್ರಿ. ದಿನಾ ಪಾದ ನೋಡ್ರಿ."

ರೇವಣಪ್ಪ ತಲೆ ತಗ್ಗಿಸಿದ. "ನಕ್ಕಾವ ನಾನ," ಎಂದನಷ್ಟೇ.

ಅಕ್ಕಗಳಿರಾ, ಅಣ್ಣಗಳಿರಾ, ಹಸಿದವನಿಗೆ ನೀಡುವುದು ದಾಸೋಹ. ಸಾಕೆಂದವನಿಗೆ ನೀಡುವುದು ಯಾರ ಸೇವೆ? ನಿಮ್ಮ ಪಂಕ್ತಿಯಲ್ಲಿ ಯಾರಾದರೂ ತಾಟಿಗೆ ಕೈ ಅಡ್ಡ ಹಿಡಿದರೆ ಆಣೆ ಇಡಬೇಡಿ. ಆ ಕೈಯ ಮಾತು ಕೇಳಿ. ಕಾಯಿಲೆಯವನೇ ಮರೆತು ಬೇಡಿದರೆ, ಪ್ರೀತಿ ಇದ್ದವರು ಗಟ್ಟಿಯಾಗಿ ನಿಲ್ಲಿ. ಶೇವಂತೆವ್ವ ಇದನ್ನು ಕಲಿತದ್ದು ತಡವಾಗಿ.

ಯುಗಾದಿಯ ದಿನ ಸಿದ್ದರಾಯ ಗೋಡೆಗೆ ಒರಗಿ ಕೂತಿದ್ದ. ನೆರೆಮನೆಯಿಂದ ಹೂರಣದ ವಾಸನೆ ಬರುತ್ತಿತ್ತು.

"ಅಕ್ಕಾ, ಕಾಲಂತೂ ಹೋತು. ಇನ್ನ ಯಾತಕ್ಕ ಅಂಜೂದು? ಅರ್ಧಾ ಹೋಳಿಗಿ ಕೊಡಬೇ."

ಶೇವಂತೆವ್ವನ ಕಣ್ಣು ತುಂಬಿದವು. ಅವನ ಮುಂದೆ ರೊಟ್ಟಿ, ಹೆಸರುಕಾಳಿನ ಪಲ್ಯ ಇಟ್ಟಳು.

"ಕೊಡಂಗಿಲ್ಲ, ತಮ್ಮಾ."