ಐವತ್ತೆರಡು ಊಟ

ಹಳೇಬೀಡಿನ ಬಸ್‌ಸ್ಟ್ಯಾಂಡ್ ಹತ್ತಿರದ ನಮ್ಮ ಹೋಟೆಲಿನಲ್ಲಿ ಇರುವುದು ಆರೇ ಟೇಬಲ್. ವರ್ಷವಿಡೀ ಹೋಟೆಲನ್ನು ಉಳಿಸುವವರು ಸೈಕಲ್ ಶಾಪಿನ ಗಿಡ್ಡಯ್ಯ, ಪಂಚಾಯ್ತಿ ಆಫೀಸಿನ ನಂಜಪ್ಪ ಮತ್ತು ಅವರ ಜೊತೆಯ ಹತ್ತಿಪ್ಪತ್ತು ಜನ. ಡಿಸೆಂಬರಿನಲ್ಲಿ ಪ್ರವಾಸದ ಬಸ್ಸುಗಳು ಬಂದವೆಂದರೆ ಮಾತ್ರ ನನ್ನ ತಲೆ ನಿಲ್ಲುವುದಿಲ್ಲ.

ಬಸ್ ತಂದು ನಿಲ್ಲಿಸುವ ಡ್ರೈವರ್‌ಗೆ ಊಟ ಪುಕ್ಕಟೆ, ಅದು ರೂಢಿ. 1998ರಲ್ಲಿ ಹುಚ್ಚಣ್ಣ ಎಂಬ ಡ್ರೈವರ್ ಮೂರು ಸಲ ಬಸ್ಸಿಲ್ಲದೆ ಒಬ್ಬನೇ ಬಂದು ಪುಕ್ಕಟೆ ಉಂಡ. ಮೂರನೇ ಸಲ ಕೈ ತೊಳೆಯುತ್ತಾ, "ಶುಕ್ರವಾರ ಐವತ್ತೆರಡು ಮಕ್ಳು. ಒಂದು ಗಂಟೆಗೆ ನಿಮ್ಮ ಮುಂದೇನೇ ನಿಲ್ಲಿಸ್ತೀನಿ" ಎಂದ. ಅವರು ಉಣ್ಣುತ್ತಾರೆ ಎಂದನೇ? ಇಲ್ಲ. ನಾನೂ ಕೇಳಲಿಲ್ಲ.

ಶುಕ್ರವಾರ ಹನ್ನೆರಡೂವರೆಗೆ ಗಿಡ್ಡಯ್ಯನ ತಂಡ ಬಂತು. ಬಾಗಿಲಲ್ಲೇ ಕೈ ಮುಗಿದೆ. "ಇವತ್ತೊಂದಿನ ಸೀಟಿಲ್ಲ. ಪಾರ್ಟಿ ಬರ್ತಿದೆ."

"ಏನ್ಲಾ ಧರ್ಮೇಶ, ನಾವೇನು ದೇವಸ್ಥಾನದ ಕಲ್ಲಾನೆಗಳಾ, ಹೊರಗೇ ನಿಂತಿರಾಕೆ?" ಎಂದ ಗಿಡ್ಡಯ್ಯ. ಎಲ್ಲರೂ ಎದುರಿನ ದೇವೀರಮ್ಮನ ಹೋಟೆಲಿಗೆ ಹೋದರು.

ಒಂದು ಗಂಟೆಗೆ ಬಸ್ ಬಂತು. ಮಕ್ಕಳು ಸಾಲಾಗಿ ಇಳಿದು, ನಮ್ಮ ಜಗಲಿ ತುಂಬ ಕೂತು, ಮನೆಯಿಂದ ತಂದ ಚಿತ್ರಾನ್ನದ ಪೊಟ್ಟಣ ಬಿಚ್ಚಿದರು. ಮೇಷ್ಟ್ರು ಒಳಗೆ ಬಂದು, "ಸ್ವಲ್ಪ ಉಪ್ಪಿನಕಾಯಿ ಕೊಡಿ ಸಾರ್. ಟಾಯ್ಲೆಟ್ ಎಲ್ಲಿ?" ಎಂದರು. ಹುಚ್ಚಣ್ಣ ಆಗಲೇ ಎಲೆ ಮುಂದೆ ಕೂತಿದ್ದ.

ನನ್ನ ಹೆಂಡತಿ ಲತಾಮಣಿ ಸೌಟು ಹಿಡಿದೇ ಹೊರಬಂದಳು. "ರೀ, ಐವತ್ತೆರಡು ಜನದ ಸಾಂಬಾರು! ಅದ್ರಲ್ಲಿ ನಾನು ಸ್ನಾನ ಮಾಡ್ಲಾ? ಹೋಗಿ ನಮ್ಮೋರ್ನ ಕರ್ಕೊಂಡ್ ಬನ್ನಿ. ಅಲ್ಲಿನ ರುಚಿ ಹತ್ತಿದ್ರೆ ಜನವರೀಲಿ ನೊಣ ಹೊಡೀಬೇಕಾಗ್ತದೆ."

ಓಡಿದೆ. ಅವರು ಎಲೆಗೆ ನೀರು ಚಿಮುಕಿಸಿ ಕಾಯುತ್ತಿದ್ದರು. ವಿಷಯ ಕೇಳಿ ನಂಜಪ್ಪ ಕೆಮ್ಮುವಷ್ಟು ನಕ್ಕ.

"ಬತ್ತೀವಿ," ಎಂದ ಗಿಡ್ಡಯ್ಯ, "ಆದ್ರೆ ನಾವೂ ಪ್ರವಾಸದೋರು. ಗೈಡ್ ಬೇಕು. ಸಾಂಬಾರು ಯಾವ ರಾಜನ ಕಾಲದ್ದು ಅಂತ ವಿವರ ಹೇಳ್ಕೊಂಡು ನಡಿ."

ಗೈಡ್ ಥರ ಕೈ ಮೇಲೆತ್ತಿ ನಡೆದೆ. ಹಿಂದೆ ಇಬ್ಬಿಬ್ಬರಾಗಿ ಕೈ ಹಿಡಿದುಕೊಂಡು ಇಪ್ಪತ್ತು ಗಂಡಸರು. ಜಗಲಿಯ ಮಕ್ಕಳು ಚಪ್ಪಾಳೆ ಹೊಡೆದರು.

"ಎಲೆ ಹಾಕಿದ ಮೇಲೆ ಎಬ್ಬಿಸ್ಕೊಂಡು ಹೋಯ್ತೀಯಲ್ಲೋ, ನಿನ್ ಹೋಟ್ಲಿಗೆ ಹೆಗ್ಗಣ ಬೀಳ!" ದೇವೀರಮ್ಮ ಕೂಗುತ್ತಲೇ ಇದ್ದಳು.

ಅವರು ಕೂತು ಅನ್ನ ಬೀಳುವಷ್ಟರಲ್ಲಿ ಇನ್ನೊಂದು ಬಸ್ ನಿಂತಿತು. ಬಸ್ಸಿನ ಕಿಟಕಿಯಿಂದ ಒಬ್ಬರು ತಲೆ ಹೊರಹಾಕಿದರು. "ನಲವತ್ತು ಜನ ಇದ್ದೀವಿ. ಊಟ ರೆಡಿ ಇದ್ಯಾ?"

ಊಟ ರೆಡಿಯೇ ಇತ್ತು. ಗಿಡ್ಡಯ್ಯ ಕಲಸುತ್ತಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದ. ಲತಾಮಣಿಯೂ ನೋಡಿದಳು. ಬಸ್ಸಿನ ಕಡೆ ಕೈ ಮುಗಿದೆ.

"ಸೀಟಿಲ್ಲ ಸಾರ್."

ಬಸ್ ನೇರ ಎದುರಿಗೆ ಹೋಯಿತು. ಅಲ್ಲಿ ನೀರು ಚಿಮುಕಿಸಿದ ಇಪ್ಪತ್ತು ಎಲೆ ಕಾಯುತ್ತಿದ್ದವು. ದೇವೀರಮ್ಮನ ಬೈಗುಳ ತಟ್ಟನೆ ನಿಂತಿತು.

"ಅಲ್ಲೇನ್ ನೋಡ್ತೀಯಾ?" ಎಂದ ಗಿಡ್ಡಯ್ಯ. "ನಾಳೆ ಅವರು ಬತ್ತಾರಾ?"

"ನೀವು?" ಎಂದು ಕೇಳಿಯೇಬಿಟ್ಟೆ.

ಅವನು ತುತ್ತು ನುಂಗಿ, ಬೆರಳು ನೆಕ್ಕಿ, ಮುಖ ಸಿಂಡರಿಸಿದ. "ಉಪ್ಪು ಕಮ್ಮಿ ಐತೆ. ನಾಳೆ ನೋಡಿ ಹಾಕ್ಸು."