ಹೋತಗಳ ಮನೆಯಲ್ಲಿ ಏಡಿ

"ಅಕ್ಕಾ, ಮೊದಲು ಅದರ ಮೇಲಿಂದ ಕೈ ತೆಗೀರಿ. ಅದೇನು ಮೊಟ್ಟೆನಾ, ಕಾವು ಕೊಟ್ಕೊಂಡು ಕೂರೋಕೆ?"

ಓಸ್ನಿಯೆಲ್ ಹಾಗೆಂದರೂ ಮಿಗ್ದಾಲಿಯಾ ಹಾರ್ಡ್ ಡಿಸ್ಕನ್ನು ಬಿಡಲಿಲ್ಲ. ಬಿಡುವುದಾದರೂ ಹೇಗೆ? ಅವಳು ಏಡಿಗಳೆಂಬ ಅಡ್ಡಹೆಸರಿನ ಕೇರಿಯವಳು. ಬಂದು ಕೂತಿರುವುದು ಎದುರಾಳಿ ಹೋತಗಳ ಕೇರಿಯಲ್ಲಿ. ಕೆಳಗೆ ಬಿದ್ದು ಸಾಯಲು ಹೊರಟ ಡಿಸ್ಕನ್ನು ಎಬ್ಬಿಸಿ ಕೂರಿಸುವವನು ಊರಿಗೆಲ್ಲ ಇವನೊಬ್ಬನೇ ಆಗಿದ್ದು ಅವಳ ಗ್ರಹಚಾರ.

ಕ್ರಿಸ್‌ಮಸ್ಸಿನ ದೀಪದ ಜಿದ್ದಿಗೆ ಇನ್ನು ಮೂರೇ ವಾರ. ಆ ರಾತ್ರಿ ಚೌಕದ ಈ ಕಡೆ ಏಡಿಗಳು, ಆ ಕಡೆ ಹೋತಗಳು, ತಾಳೆಮರದೆತ್ತರದ ದೀಪದ ಗೋಪುರ ನಿಲ್ಲಿಸುತ್ತಾರೆ. ತೀರ್ಪು ಕೊಡುವವರು ಯಾರೂ ಇಲ್ಲ, ಹಾಗಾಗಿ ಎರಡು ಕೇರಿಯೂ ಪ್ರತಿವರ್ಷ ಗೆಲ್ಲುತ್ತವೆ. ಆದರೆ ದೀಪ ಹತ್ತುವ ಮುಂಚೆ ನಕ್ಷೆ ಎದುರು ಕೇರಿಯವರ ಕಣ್ಣಿಗೆ ಬಿತ್ತೋ, ಹೋದ ಮಾನ ಮತ್ತೆ ಬರುವುದಿಲ್ಲ. ಈ ಸಲದ ನಕ್ಷೆ ಮಿಗ್ದಾಲಿಯಾಳದು. ಯಾವ ಬಲ್ಬು ಯಾವಾಗ ಹತ್ತಬೇಕು, ಯಾವಾಗ ಆರಬೇಕು, ಎಲ್ಲ ಆ ಡಿಸ್ಕಿನಲ್ಲೇ. ಅಲ್ಲಿ ಗೋಪುರದ ಚೌಕಟ್ಟು ಕಟ್ಟಿ ಮುಗಿಸಿದವರು ತಂತಿ ಹಿಡಿದು ಕಾಯುತ್ತಿದ್ದಾರೆ.

"ಇನ್ನೊಂದು ಕಾಪಿ ಇಟ್ಟಿಲ್ವಾ?"

"ಎಲ್ಲಿಡ್ಲಿ ಹೇಳು? ಈ ಊರಲ್ಲಿ ಡಿಸ್ಕು ಒಂದು ಮನೇಲಿ ನಿಲ್ಲುತ್ತಾ? ಈ ವಾರದ ಧಾರಾವಾಹಿ ತುಂಬಿಸ್ಕೊಂಡು ಬರ್ತೀನಿ ಅಂತ ಯಾರ್ಯಾರೋ ಎತ್ಕೊಂಡು ಹೋಗ್ತಾರೆ. ಕಂಪ್ಯೂಟರಿಂದಾನೂ ಅಳಿಸಿ, ಇದೊಂದನ್ನ ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದೆ."

"ಮತ್ತೆ ಬಿತ್ತು ಹೇಗೆ?"

"ಅಕ್ಕಿ ತೆಗೆಯೋವಾಗ."

ಅಡುಗೆಮನೆಯಿಂದ ಓಸ್ನಿಯೆಲ್‌ನ ತಾಯಿ ಎದೆಲ್ಮಿರಾ ಕಿಸಕ್ಕನೆ ನಕ್ಕಳು. "ಏಡಿಗಳ ಬುದ್ಧಿ ನೋಡು! ಬಿಲ ತೋಡೋಕೆ ಬರುತ್ತೆ, ಈಚೆ ಬರೋಕೆ ಬರಲ್ಲ." ನಕ್ಕವಳೇ ಕಾಫಿಯನ್ನೂ ತಂದಿಟ್ಟಳು, ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕಿ.

"ನಾನೇನೂ ನೋಡಲ್ಲ ಅಕ್ಕಾ," ಎಂದ ಓಸ್ನಿಯೆಲ್. "ಒಳಗೇನಿದೆ ಅಂತ ಈ ಕೆಲಸಕ್ಕೆ ಬೇಕೂ ಇಲ್ಲ. ಇದ್ದದ್ದನ್ನ ಇದ್ದ ಹಾಗೆ ಹೊಸ ಡಿಸ್ಕಿಗೆ ಇಳಿಸೋದು. ಎಡವಿದ ಕಡೆ ಬಿಟ್ಟು ಮುಂದೆ ಹೋಗೋದು, ಆಮೇಲೆ ಹಿಂದಿಂದ ಬಂದು ಕೆರೆಯೋದು. ಹಿಂದಕ್ಕೆ ಹಿಂದಕ್ಕೆ, ನಿಮ್ಮ ಏಡಿ ಥರ."

"ಏಡಿ ಅಡ್ಡಕ್ಕೆ ನಡೆಯೋದು ಕಣೋ!"

ಆದರೂ ಅವಳು ಲ್ಯಾಪ್‌ಟಾಪಿನ ಪರದೆಗೆ ಒಂದು ಟವೆಲ್ ಹೊದಿಸಿದಳು. ನೂರಕ್ಕೆ ಇಳಿದದ್ದೆಷ್ಟು ಎಂಬ ಅಂಕಿಯೊಂದು ಮಾತ್ರ ಕೆಳಗೆ ಇಣುಕುತ್ತಿತ್ತು. ಡಿಸ್ಕು ಟಿಕ್ ಎನ್ನುತ್ತಿತ್ತು, ಉಸಿರು ಕಟ್ಟುತ್ತಿತ್ತು, ಮತ್ತೆ ಗುಂಯ್ ಎನ್ನುತ್ತಿತ್ತು. ಅಂಕಿ ಬಸುರಿ ಮೆಟ್ಟಿಲು ಹತ್ತಿದಂತೆ ಹತ್ತುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎದೆಲ್ಮಿರಾ ಕೂಡ ಹುರುಳಿಕಾಯಿ ಬಿಡಿಸುವುದನ್ನು ಬಿಟ್ಟು ಬಂದು ಕೂತಿದ್ದಳು. "ತೊಂಬತ್ತು ದಾಟ್ತು! ತಳ್ಳೋ, ತಳ್ಳೋ!" ಎಂದು ತೊಡೆ ತಟ್ಟಿದವಳು, ತಾನು ಯಾವ ಕೇರಿಯವಳೆಂದು ನೆನಪಾಗಿ ಕೆಮ್ಮಿದಳು.

ಅಷ್ಟರಲ್ಲಿ ಫ್ಯಾನು ನಿಂತಿತು. ಬೀದಿಯ ಉದ್ದಕ್ಕೂ ರೇಡಿಯೋಗಳು ಒಟ್ಟಿಗೇ ಬಾಯಿ ಮುಚ್ಚಿದವು.

"ಹೋಯ್ತು ಕರೆಂಟು," ಎಂದ ಓಸ್ನಿಯೆಲ್. "ಈ ಲ್ಯಾಪ್‌ಟಾಪಿನ ಬ್ಯಾಟರಿ ಐದು ನಿಮಿಷ ಎಳೆದ್ರೆ ಹೆಚ್ಚು. ಡಿಸ್ಕು ಈಗ ನಿಂತ್ರೆ, ಮತ್ತೆ ತಿರುಗುತ್ತೆ ಅಂತ ಹೇಳೋಕೆ ನಂಗೆ ಧೈರ್ಯ ಇಲ್ಲ."

ಅಂಗಳದಲ್ಲಿ ಅವನ ಕರೆಂಟ್ ಸ್ಕೂಟರ್ ತುಂಬಿದ ಬ್ಯಾಟರಿಯೊಂದಿಗೆ ನಿಂತಿತ್ತು. ಸಂಜೆ ಅದರಲ್ಲಿ ಸಾಂತಾ ಕ್ಲಾರಾ ಪಟ್ಟಣಕ್ಕೆ ಹೋಗಿ ಹೋತಗಳ ಗೋಪುರಕ್ಕೆ ಬಲ್ಬು ತರಬೇಕಿತ್ತು. ಅವನು ತಾಯಿಯ ಮುಖ ನೋಡಿದ. ಮಿಗ್ದಾಲಿಯಾ ನೆಲ ನೋಡಿದಳು.

"ನನ್ನ ಮುಖದಲ್ಲೇನು ಪ್ಲಗ್ ಇದೆಯಾ? ಹೋಗಿ ಸ್ಕೂಟರಿನ ಸೀಟು ಎತ್ತೋ!" ಎಂದಳು ಎದೆಲ್ಮಿರಾ. "ಏಡಿಗಳು ಕತ್ತಲಲ್ಲಿ ನಿಂತ್ರೆ ನಾವು ದೀಪ ಹಚ್ಚಿ ಯಾರ ಹೊಟ್ಟೆ ಉರಿಸೋಣ?"

ಅವನು ಓಡಿದ. ಇನ್ವರ್ಟರಿನ ವೈರು ಸ್ಕೂಟರಿನಿಂದ ಕಿಟಕಿ ದಾಟಿ ಬಂತು, ಗಿಡ್ಡವಾಯಿತು, ಮೂವರೂ ಸೇರಿ ಮೇಜನ್ನೇ ಕಿಟಕಿಯ ಬಳಿಗೆ ಹೊತ್ತರು, ಡಿಸ್ಕು ಮಿಗ್ದಾಲಿಯಾಳ ಅಂಗೈಯಲ್ಲಿ ಅಲುಗದಂತೆ. ಸಿಕ್ಕಿಸಿದ. ಗುಂಯ್ ಎನ್ನುವುದು ನಿಲ್ಲಲಿಲ್ಲ.

ಕೊನೆಗೆ ಅಂಕಿ ನೂರಕ್ಕೆ ಬಂದು ನಿಂತಿತು.

"ತೆಗೆದು ನೋಡಿ," ಎಂದು ಓಸ್ನಿಯೆಲ್ ಎದ್ದು ಗೋಡೆಯ ಕಡೆ ತಿರುಗಿದ. ಎದೆಲ್ಮಿರಾ ನೋಡುವುದಿಲ್ಲವೆಂದು ಸಾಂತಾ ಬಾರ್ಬರಾ ಮಾತೆಯ ಮೇಲೆ ಆಣೆಯಿಟ್ಟು ಏಪ್ರನ್ನನ್ನು ಮುಖಕ್ಕೆ ಹೊದ್ದುಕೊಂಡಳು. ಮಿಗ್ದಾಲಿಯಾ ಕಿಟಕಿಯ ಬಾಗಿಲೆಳೆದಳು, ಕೋಣೆ ಕತ್ತಲಾಯಿತು. ಟವೆಲ್ ತೆಗೆದು, ಯಾರೂ ಮುಟ್ಟಬಾರದೆಂದು 'ಅಜ್ಜಿಯ ಮೂಲವ್ಯಾಧಿ' ಎಂದು ಹೆಸರಿಟ್ಟಿದ್ದ ಫೋಲ್ಡರನ್ನು ಒತ್ತಿದಳು.

ಪರದೆ ಕಪ್ಪಗಾಯಿತು. ಕಪ್ಪಗೇ ಇತ್ತು.

"ಬಂತಾ?"

ಅವಳು ಪರದೆಯ ಮೇಲಿಂದ ತಲೆಯೆತ್ತಿದಳು.

"ಬಂತಾ ಅಕ್ಕಾ? ಹೇಳ್ರೀ, ಜೀವ ಹೋಗ್ತಿದೆ!"

ಅವಳು ಪರದೆಯನ್ನು ಬಿಟ್ಟು ಅವನ ಬೆನ್ನನ್ನೇ ನೋಡುತ್ತಿದ್ದಳು. ಬಿಳಿ ಬನಿಯನ್ನಿನ ಮೇಲೆ ಪರದೆಯ ಬೆಳಕು ಮೊದಲು ತುಸು ಕೆಂಪಗೆ ಬಿತ್ತು. ಹೆಗಲಿಗೆ ಹಬ್ಬಿತು. ನೀಲಿಯಾಯಿತು, ಆರಿತು, ಮತ್ತೆ ಕೆಂಪಾಯಿತು.

"ಅಲ್ಲಾಡಬೇಡ," ಎಂದಳು. "ಇನ್ನೊಂದು ಸ್ವಲ್ಪ ಹೊತ್ತು ಹಾಗೇ ನಿಂತ್ಕೋ."