'ಸಿ' ಇಲ್ಲದ ಕಲ್ಲು

"'ಸಿ' ಎಲ್ಲಿ ಹೋಯ್ತೇ, ಮುಂಡೇದೇ? ನುಂಗಿ ನೀರು ಕುಡಿದ್ಯಾ?"

ಗ್ರಂಥಾಲಯ ಸಮಿತಿಯ ಅಧ್ಯಕ್ಷರು ಬಾಗಿಲ ಪಕ್ಕದ ಗೋಡೆಗೆ ಕೂರಿಸಿದ್ದ ಹೊಸ ಕಲ್ಲನ್ನು ಬೆತ್ತದಿಂದ ಕುಟ್ಟುತ್ತಿದ್ದರು. ಅದನ್ನು ಕೆತ್ತಿದ ಉಳಿಯಕ್ಕ ಬಗ್ಗಿ ನೋಡಿದಳು. 'ಈ ಗ್ರಂಥಾಲಯವನ್ನು ಕಟ್ಟಿಸಿದವರು' ಎಂದಿರಬೇಕಾದಲ್ಲಿ 'ಕಟ್ಟಿದವರು' ಎಂದಿತ್ತು. ಕೆಳಗೆ ಅಧ್ಯಕ್ಷರ ತಂದೆ ದಿವಂಗತ ಸಾಹುಕಾರರ ಹೆಸರು, ಅಂಗೈ ಅಗಲದ ಅಕ್ಷರಗಳಲ್ಲಿ.

ಬೇಕೆಂದು ಮಾಡಿದ್ದಲ್ಲ. "ಲೈಬ್ರರಿ ಕಟ್ಟಿದ್ದು ನಿಮ್ಮಪ್ಪ ಕಣೇ" ಎಂದು ಅಮ್ಮ ಸಾಯುವ ತನಕ ಹೇಳಿದ್ದಳು. ಕಿವಿಗೆ ಬಿದ್ದದ್ದೇ ಕೈಗೂ ಬಂದಿತ್ತು. ಬಾಗಿಲ ಮೇಲಿನ ತೊಲೆಗಲ್ಲು ಏರಿಸುವಾಗ ಹಗ್ಗ ಹರಿದು ಅಪ್ಪ ಅದರಡಿ ಸಿಕ್ಕಿ ಸತ್ತಿದ್ದ. ಹಿಂದಿನ ದಿನವೇ ಹಗ್ಗ ಬದಲಾಯಿಸಿ ಎಂದು ಕೇಳಿದ್ದಕ್ಕೆ ಸಾಹುಕಾರರು "ನಿನ್ನನ್ನೇ ಬದಲಾಯಿಸ್ತೀನಿ" ಅಂದಿದ್ದರಂತೆ. ಕೊಟ್ಟ ಮಾತು ತಪ್ಪುವವರಲ್ಲ. ಅಪ್ಪ ಸತ್ತ ಮರುದಿನ ಬೆಳಿಗ್ಗೆಯೇ ಬೇರೆ ಆಳು ಬಂದ.

ಗ್ರಂಥಾಲಯಕ್ಕೆ ಐವತ್ತು ತುಂಬಿತೆಂದು ಇತಿಹಾಸದ ಮೇಷ್ಟ್ರು ಅದರ ಚರಿತ್ರೆ ಬರೆದಿದ್ದರು. ಸಾಹುಕಾರರ ಜ್ಞಾನದಾಹಕ್ಕೇ ಅರ್ಧ ಪುಸ್ತಕ. ಆ ಜ್ಞಾನವನ್ನು ಅವರು ರದ್ದಿಯಂಗಡಿಯಲ್ಲಿ ಮೂಟೆಗಟ್ಟಲೆ ಕೊಂಡು ತಂದದ್ದು, ಕಪಾಟಿನ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡಿದ್ದು, ಓದುವ ಕೋಣೆಯಲ್ಲಿ ಇಸ್ಪೀಟು ಕುಟ್ಟಿದ್ದು, ಇವೆಲ್ಲ ಪಾಪ, ಜಾಗ ಸಾಲದೆ ಬಿಟ್ಟುಹೋಗಿದ್ದವು. ಬಾಗಿಲ ಮೇಲೆ 'ಸಾರ್ವಜನಿಕ' ಎಂಬ ಬೋರ್ಡೇನೋ ಇತ್ತು. ಕಲ್ಲು ಒಡೆಯುವ ಕೇರಿಯವರು ಒಳಗೆ ಬಂದರೆ ಮಾತ್ರ ಪುಸ್ತಕಗಳಿಗೆ ಧೂಳು ಹಿಡಿಯುತ್ತದಂತೆ. ಯಾರೂ ಮುಟ್ಟದ ಆ ಪುಸ್ತಕಗಳು ಅಷ್ಟೊಂದು ಧೂಳನ್ನು ಎಲ್ಲಿಂದ ತಂದುಕೊಂಡವೋ, ಮೇಷ್ಟ್ರೇ ಹೇಳಬೇಕು.

ಕೆಲಸ ಒಪ್ಪುವಾಗ ಉಳಿಯಕ್ಕ ಕೇಳಿದ್ದು ಒಂದೇ. ಕಲ್ಲಿನ ತುದಿಯಲ್ಲಿ ಸಣ್ಣದಾಗಿ ಅಪ್ಪನ ಹೆಸರು ಕೆತ್ತಿಕೊಳ್ಳುತ್ತೇನೆ ಎಂದು. "ಹಾಕ್ಕೋ, ಹಾಕ್ಕೋ" ಎಂದಿದ್ದರು ಅಧ್ಯಕ್ಷರು. ಅವಳು ಒಂದು ಸಾಲಿನ ಜಾಗ ಬಿಟ್ಟುಕೊಂಡಿದ್ದಳು.

"ಸಾಯಂಕಾಲ ಮಂತ್ರಿಗಳು ಬಂದು ಪರದೆ ಎಳೀತಾರೆ. ಅಷ್ಟರಲ್ಲಿ 'ಸಿ' ತೂರಿಸು."

"ಕಲ್ಲಲ್ಲಿ ಅಕ್ಷರ ತೂರಿಸೋಕಾಗತ್ತಾ ಸ್ವಾಮಿ? ಒತ್ತಾಗಿ ಕೂತ್ಬಿಟ್ಟಿವೆ. ಜಾಗ ಇರೋದು ಕೆಳಗೆ, ಅದೂ ನಮ್ಮಪ್ಪನ ಹೆಸರಿಗೆ."

"ನಿಮ್ಮಪ್ಪನ ಹೆಸರಾ?" ಅಧ್ಯಕ್ಷರು ಪಕ್ಕದಲ್ಲಿದ್ದ ಮೇಷ್ಟ್ರ ಕಡೆ ತಿರುಗಿದರು. "ಮರಳು ಹೊತ್ತ ಕತ್ತೆಗಳೂ ಇದ್ವಲ್ಲ ಮೇಷ್ಟ್ರೇ, ಅವುಗಳ ಹೆಸರೂ ಹಾಕ್ಸೋಣ್ವಾ?"

"ಕತ್ತೆಗಳ ಬಗ್ಗೆ ಆಧಾರ ಸಿಕ್ಕಿಲ್ಲ ಸಾರ್" ಎಂದು ಮೇಷ್ಟ್ರು ಹಲ್ಲು ಗಿಂಜಿದರು.

ಉಳಿಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ಹಾಕ್ಕೋ ಅಂದಿದ್ರಿ."

"ಅಂದಿದ್ದೆ. ಈಗ ಬೇಡ ಅಂತೀನಿ. ಬಾಯಿ ನಂದೇ ತಾನೆ? ಮೊದಲು ಈ ಸುಳ್ಳು ತಿದ್ದು, ಲೌಡಿ. ನಮ್ಮಪ್ಪ ಕರಣೆ ಹಿಡಿದು ಗೋಡೆ ಕಟ್ಟಿದ್ರಾ? ಮಂತ್ರಿಗಳ ಎದುರು ಮಾನ ಹೋಗತ್ತೆ!"

"ಅಯ್ಯೋ, ಎಲ್ಲಾದ್ರೂ ಉಂಟಾ! ಅವರು ಕಟ್ಟಿಲ್ಲ ಬಿಡಿ."

"ಹಂಗಾದ್ರೆ ಸರಿಮಾಡು."

ಅಧ್ಯಕ್ಷರೂ ಮೇಷ್ಟ್ರೂ ಊಟಕ್ಕೆ ಹೋದರು. ಉಳಿಯಕ್ಕ ಕಲ್ಲನ್ನು ಇನ್ನೊಮ್ಮೆ ಓದಿದಳು. ಮೇಲಿನ ಸಾಲಿನಲ್ಲಿ ಅವಳಿಗೆ ಸುಳ್ಳೇನೂ ಕಾಣಲಿಲ್ಲ. ಅಗಲ ಬಾಯಿಯ ಉಳಿ ತೆಗೆದು, ಕೆಳಗಿನ ಸಾಲಿನ ಮೊದಲ ಅಕ್ಷರಕ್ಕೆ ಇಟ್ಟು ಸುತ್ತಿಗೆ ಎತ್ತಿದಳು.

ಅಧ್ಯಕ್ಷರು ಮಂತ್ರಿಗಳನ್ನು ಕರೆದುಕೊಂಡು ಬರುವಷ್ಟರಲ್ಲಿ ಅವಳೇ ಕಲ್ಲಿಗೆ ಪರದೆ ಇಳಿಬಿಟ್ಟಿದ್ದಳು. ಸಾಯಂಕಾಲ ಮಂತ್ರಿಗಳು ಪರದೆ ಎಳೆದರು. ಗಂಟಲು ಸರಿಮಾಡಿಕೊಂಡು, "ಈ ಗ್ರಂಥಾಲಯವನ್ನು ಕಟ್ಟಿದವರು" ಎಂದು ಮೈಕಿನಲ್ಲಿ ಓದಿ, ಕೆಳಗಿದ್ದ ಹೆಸರನ್ನೂ ಓದಿ, "ಎಂಥ ಮಹಾನುಭಾವರು! ಜೋರಾಗಿ ಚಪ್ಪಾಳೆ!" ಎಂದರು. ಗೇಟಿನಾಚೆ ನಿಲ್ಲಿಸಿದ್ದ ಕೇರಿಯವರು ತಮ್ಮವನ ಹೆಸರು ಕೇಳಿ ಒಂದು ಗಳಿಗೆ ಬೆಪ್ಪಾದರು. ಆಮೇಲೆ ಅವರು ತಟ್ಟಿದ ಚಪ್ಪಾಳೆಗೆ ಮೈಕೇ ಕೇಳಿಸಲಿಲ್ಲ.

ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಹಲ್ಲು ಕಚ್ಚಿಕೊಂಡೇ ಉಳಿಯಕ್ಕನ ಹತ್ತಿರ ಬಂದರು. "ಏನೇ ಇದು?"

"ನೀವೇ ಅಂದ್ರಲ್ಲ. ಸರಿಮಾಡಿದೆ."

"ಅಳಿಸೇ ಅದನ್ನ! ಈಗಲೇ!"

"ಅಳಿಸೋಕೆ ಅದೇನು ಸೀಮೆಸುಣ್ಣದ ಬರಹಾನಾ? ಈ ಸಲ ಆಳಕ್ಕೇ ಕೆತ್ತಿದೀನಿ, ಗೋಡೆನೇ ಒಡೆಸ್ಬೇಕು" ಎಂದಳು ಉಳಿಯಕ್ಕ, ಉಳಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕುತ್ತ. "ಒಡೆಯೋಕೂ ನಮ್ಮ ಕೇರಿಯೋರೇ ಬರಬೇಕಲ್ಲ. ಅಗೋ, ಗೇಟಿನ ಹತ್ರಾನೇ ಇದ್ದಾರೆ. ಕರೀರಿ ನೋಡೋಣ."